ಆ ಕಾರಂಜಿ ಬಿಟ್ಟರೆ ಅಪಾಪ್ ಇನ್ನೇನು ಮಾಡಿದ್ದಾರೆ?

ಮಾಲ್ಟಾ ನೋಡಿ ಬಂದವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆ. ರಾಜಧಾನಿ ವಲೆಟ್ಟಾದ ಊರಬಾಗಿಲ ಮುಂದೆಯೇ ಟ್ರೈಟನ್ ಕಾರಂಜಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ, "ಶಿಲ್ಪಿ ಯಾರೋ ವಿನ್ಸೆಂಟ್ ಅಪಾಪ್ ಅಂತೆ. ಇದೊಂದೇನಾ ಅವರು ಮಾಡಿದ್ದು?" ಅಂತಾರೆ.

ಖಂಡಿತ ಅಲ್ಲ. ಆದರೂ ಆ ಕಾರಂಜಿಯನ್ನೇ ಎಷ್ಟು ಜನ ಸರಿಯಾಗಿ ನೋಡಿರ್ತಾರೆ? ಗ್ರೀಕ್ ಪುರಾಣದ ಮೂವರು ಸಮುದ್ರದೇವತೆಗಳು ಒಂದು ಭಾರಿ ಕಂಚಿನ ತಟ್ಟೆಯನ್ನು ಎತ್ತಿ ಹಿಡಿದಿದ್ದಾರೆ. ಇಬ್ಬರು ಕೂತಿದ್ದಾರೆ, ಒಬ್ಬ ಮಂಡಿಯೂರಿದ್ದಾನೆ. ಸುತ್ತ ಒಂದು ಸುತ್ತು ಬನ್ನಿ. ಭಾರ ಯಾರ ಮೇಲೆ ಜಾಸ್ತಿ ಬಿದ್ದಿದೆ ಅಂತ ಹೇಳೋಕೆ ಆಗಲ್ಲ. ಅದೇ ಅದರ ಸೊಗಸು. ರೋಮ್‌ನ ಆಮೆ ಕಾರಂಜಿ ಇದಕ್ಕೆ ಸ್ಫೂರ್ತಿ. ನಕ್ಷೆಗಾರ ವಿಕ್ಟರ್ ಅನಾಸ್ತಾಸಿ ಜೊತೆ ಸೇರಿ ರೂಪಿಸಿದ್ದು. 1959ರಲ್ಲಿ ನೀರು ಬಿಟ್ಟರು.

1978ರಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಆ ತಟ್ಟೆಯನ್ನೇ ವೇದಿಕೆ ಮಾಡಿಕೊಂಡರು. (ನೀರಿಗೆ ಅಂತ ಮಾಡಿದ್ದರ ಮೇಲೆ ಜನ ಹತ್ತಿದರೆ ಇನ್ನೇನಾಗುತ್ತೆ?) ಕುಸಿಯಿತು. ರಿಪೇರಿ ಮಾಡುವಾಗ ನಡುವೆ ಆಸರೆಗೆ ಕಂಬ ಕೊಟ್ಟರು. ಆಗ ಮೂವರೂ ಸುಮ್ನೆ ಕೈ ತಾಗಿಸಿಕೊಂಡು ಕೂತ ಹಾಗಾಯಿತು. 2018ರ ಹೊತ್ತಿಗೆ ತಟ್ಟೆಯನ್ನೇ ಗಟ್ಟಿ ಮಾಡಿ ಆ ಕಂಬ ತೆಗೆದರು. ಅದನ್ನು ನೋಡಲು ಅಪಾಪ್ ಇರಲಿಲ್ಲ. 2003ರಲ್ಲೇ ತೀರಿಕೊಂಡಿದ್ದರು, 93ನೇ ವಯಸ್ಸಿನಲ್ಲಿ.

ಇನ್ನು ಕೆಲವರು, "ಮೇಷ್ಟ್ರಾಗಿ ಕಾಲ ಕಳೆದುಬಿಟ್ಟರು ಪಾಪ" ಅಂತಾರೆ. ನಾನು ಒಪ್ಪಲ್ಲ. 1927ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ರೋಮ್‌ಗೆ ಹೋದ ಹುಡುಗ, ಅಲ್ಲಿನ ಬ್ರಿಟಿಷ್ ಕಲಾ ಅಕಾಡೆಮಿಯಲ್ಲಿ ಶಿಲ್ಪಿ ಅಂತೋನಿಯೊ ಶೋರ್ತಿನೊ ಕೈಕೆಳಗೆ ಪಳಗಿದರು. ಶೋರ್ತಿನೊ ಕೂಡ ಮಾಲ್ಟಾದವರೇ. ಅಲ್ಲಿ ಕಲಿತದ್ದನ್ನು ಅಪಾಪ್ ಊರಿಗೆ ತಂದು ಕಲಿಸಿದರು. 1947ರಿಂದ 1971ರವರೆಗೆ ಮಾಲ್ಟಾದ ಕಲಾಶಾಲೆಯ ಮುಖ್ಯಸ್ಥರಾಗಿದ್ದರು. ಲೆಕ್ಕ ಹಾಕಿ ನೋಡಿ, ಟ್ರೈಟನ್ ಕಾರಂಜಿ ಎದ್ದಿದ್ದೂ ಆ ವರ್ಷಗಳಲ್ಲೇ.

ಆದರೆ ನನಗೆ ಕಾರಂಜಿಗಿಂತ ಇಷ್ಟವಾಗುವುದು ಅವರು ಮಾಡಿದ ಮುಖಗಳು. ಎದೆಮಟ್ಟದ ಪ್ರತಿಮೆಗಳನ್ನು ಜೀವಮಾನವಿಡೀ ಮಾಡಿದರು. ಮಾಲ್ಟಾದ ಹಮ್ರುನ್ ಎಂಬ ಊರಿನಲ್ಲಿ, ಅನಾಥ ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದ ಫ್ರಾ ದಿಯೆಗು ಅವರ ಸ್ಮಾರಕವಿದೆ. ಅದು ಅಪಾಪ್ ಅವರ ಆರಂಭದ ಕೆಲಸ. ಅಷ್ಟು ದೂರ ಹೋಗೋಕೆ ಪುರುಸೊತ್ತಿಲ್ಲ ಅನ್ನುವವರು ವಲೆಟ್ಟಾದ ಬಾಗಿಲು ದಾಟಿ ಬಲಕ್ಕೆ ತಿರುಗಿ ಅಪ್ಪರ್ ಬರಾಕ್ಕಾ ತೋಟಕ್ಕೆ ನಡೆಯಿರಿ. ಜನರೆಲ್ಲ ಹಡಗು ನಿಲ್ಲುವ ಬಂದರನ್ನು ನೋಡಲು ಕಟಾಂಜನದ ಹತ್ತಿರ ನಿಂತಿರ್ತಾರೆ. ನೀವು ಮೊದಲು ಚರ್ಚಿಲ್ ಪ್ರತಿಮೆ ಹುಡುಕಿ. ಅದೂ ಇವರದ್ದೇ.