ನಡುವಿನ ಎರಡು ಮಾಸ್ಫೆಟ್‌ಗಳ ಜ್ವರ ಕೊನೆಗೂ ಇಳಿಯಿತು

ಇಳಿಯಿತು ಮಾರಾಯ್ರೆ. ಬ್ಯಾಟರಿ ಪರೀಕ್ಷೆಗೆ ಅಂತ ನಾನು ಕಟ್ಟುತ್ತಿರುವ ಎಲೆಕ್ಟ್ರಾನಿಕ್ ಲೋಡಿನ ಮಾತು ಇದು: ಬ್ಯಾಟರಿಯಿಂದ ಬೇಕಾದಷ್ಟು ಕರೆಂಟ್ ಎಳೆದು ಬಿಸಿಯಾಗಿ ಕಳೆಯುವ ಉಪಕರಣ. ಆ ಬಿಸಿ ತಿನ್ನುವುದು ನಾಲ್ಕು ಮಾಸ್ಫೆಟ್ಟುಗಳು, ಅಂದರೆ ಪವರ್ ಟ್ರಾನ್ಸಿಸ್ಟರುಗಳು. 20 ಆಂಪಿಯರ್ ಎಳೆಯುತ್ತಾ ಅರ್ಧ ಗಂಟೆ ಬಿಟ್ಟರೂ ನಾಲ್ಕು ಮಾಸ್ಫೆಟ್‌ಗಳ ಟ್ಯಾಬ್ (ಬೆನ್ನಿನ ಲೋಹದ ತಟ್ಟೆ) 80 ಡಿಗ್ರಿಯ ಆಸುಪಾಸಿನಲ್ಲೇ ನಿಂತಿದೆ. ಒಂದಕ್ಕೂ ಇನ್ನೊಂದಕ್ಕೂ 3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಕಳೆದ ಸಲ ಬರೆದಾಗ ನಡುವಿನ ಎರಡು 105ರ ಹತ್ತಿರ ಕಾದು ಕೂತಿದ್ದವು, ಬದಿಯ ಎರಡಕ್ಕೆ ಏನೂ ಆಗದ ಹಾಗೆ. ಈಗಲೂ ಸರ್ಕ್ಯೂಟ್ ಅದೇ, ಫ್ಯಾನ್ ಅದೇ, ಬಿಸಿ ಹೊರಹಾಕುವ ಹೀಟ್‌ಸಿಂಕ್ ಕೂಡ ಅದೇ ತುಂಡು. ಬದಲಾದದ್ದು ಅದರ ಮುಖ, ಮಾಸ್ಫೆಟ್ ಕೂರುವ ಬದಿ ಮಾತ್ರ.

ಎಲೆಕ್ಟ್ರಾನಿಕ್ ಲೋಡ್ ಹೇಗೆ ಕೆಲಸ ಮಾಡ್ತದೆ ಅಂತ ಇಲ್ಲಿ ಪುನಃ ಹೇಳುವುದಿಲ್ಲ. ನಾಲ್ಕು ಐಆರ್‌ಎಫ್‌ಪಿ260ಎನ್ ಮಾಸ್ಫೆಟ್, ಪ್ರತಿಯೊಂದಕ್ಕೂ ಕರೆಂಟ್ ಹಿಡಿತದಲ್ಲಿಡಲು ಬೇರೆ ಆಪ್‌ಆಂಪ್ ಚಿಪ್, ಕರೆಂಟ್ ಅಳೆಯಲು ಬೇರೆ 0.1 ಓಮ್ ಸೋರ್ಸ್ ರೆಸಿಸ್ಟರ್. 12.8 ವೋಲ್ಟಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಪ್ಯಾಕಿನಿಂದ 20 ಆಂಪಿಯರ್ ಎಂದರೆ 256 ವ್ಯಾಟ್. ರೆಸಿಸ್ಟರುಗಳು 10 ವ್ಯಾಟ್ ತಿಂದರೆ ಉಳಿದದ್ದು ನಾಲ್ವರಿಗೆ ಹಂಚಿ ತಲಾ 61 ವ್ಯಾಟ್ ಚಿಲ್ಲರೆ. ಅಷ್ಟೂ ಬಿಸಿ ಒಂದು ಅಲ್ಯೂಮಿನಿಯಂ ತುಂಡಿನ ಮೂಲಕವೇ ಹೊರಗೆ ಹೋಗಬೇಕು.

ಕಾಗದದ ಮೇಲಿನ ಲೆಕ್ಕ ಚಂದವೇ ಇತ್ತು. ಮಂಗಳೂರಿನ ಏಪ್ರಿಲ್ ಅಂತ ಹೊರಗಿನ ಗಾಳಿಗೆ 35 ಡಿಗ್ರಿ ಹಿಡಿದೆ. ಫ್ಯಾನ್ ಹಾಕಿದ ಹೀಟ್‌ಸಿಂಕಿಗೆ ಪ್ರತಿ ವ್ಯಾಟಿಗೆ 0.12 ಡಿಗ್ರಿ, ಅಂದರೆ 30 ಡಿಗ್ರಿ. ಟ್ಯಾಬಿನಿಂದ ಸಿಂಕಿಗೆ ಡೇಟಾಶೀಟ್ (ತಯಾರಕರ ವಿವರಪಟ್ಟಿ) ಹೇಳುವ 0.24ರ ಲೆಕ್ಕದಲ್ಲಿ 15. ಒಳಗೆ ಚಿಪ್ಪಿನಿಂದ ಟ್ಯಾಬಿಗೆ 0.5ರ ಲೆಕ್ಕದಲ್ಲಿ 31. ಕೂಡಿದರೆ ಜಂಕ್ಷನ್, ಅಂದರೆ ಒಳಗಿನ ಚಿಪ್ಪಿನ ಬಿಸಿ, 111. ಮಿತಿ 175. ಸ್ವಿಚಿಂಗಿಗೆ ಹುಟ್ಟಿದ ಮಾಸ್ಫೆಟ್ಟನ್ನು ಲೀನಿಯರ್ ಆಗಿ, ಅರ್ಧ ತೆರೆದ ನಲ್ಲಿಯ ಹಾಗೆ ದುಡಿಸುವಾಗ ಇಷ್ಟು ಅಂತರ ಬೇಕೇ ಬೇಕು. ಚಿಪ್ಪಿನ ಒಂದು ಮೂಲೆ ಸ್ವಲ್ಪ ಹೆಚ್ಚು ಬಿಸಿಯಾದರೆ ಅಲ್ಲಿ ಥ್ರೆಶೋಲ್ಡ್ (ಮಾಸ್ಫೆಟ್ ತೆರೆಯಲು ಬೇಕಾದ ವೋಲ್ಟೇಜ್) ಇಳಿದು ಇನ್ನಷ್ಟು ಕರೆಂಟ್ ಅಲ್ಲಿಗೇ ನುಗ್ಗುತ್ತದೆ. ಆಮೇಲೆ ‘ಟಪ್’.

ಕಳೆದ ಸಲದ ಬರಹ ಓದಿ, ಟ್ಯಾಬಿಗೂ ಸಿಂಕಿಗೂ ನಡುವೆ ಕರೆಂಟ್ ತಡೆಯುವ ಇನ್ಸುಲೇಟರ್ ಹಾಕದೆ ಇದ್ದದ್ದಕ್ಕೆ ಕೆಲವರು ಹೌಹಾರಿದ್ದೀರಿ. 0.1 ಮಿ.ಮೀ. ಅಭ್ರಕದ ಹಾಳೆ ಹಾಕಿದರೆ ಈ ಮಾಸ್ಫೆಟ್ಟಿನ ಟಿಓ-247 ಪ್ಯಾಕೇಜಿನ ಅಳತೆಗೆ ಪ್ರತಿ ವ್ಯಾಟಿಗೆ ಇನ್ನೂ 0.7 ಡಿಗ್ರಿಯಷ್ಟು ಸೇರಿಕೊಳ್ಳುತ್ತದೆ. 61 ವ್ಯಾಟಿಗೆ ಅದು 40ಕ್ಕಿಂತ ಮೇಲೆ! 1 ಮಿ.ಮೀ. ದಪ್ಪದ ಅಲ್ಯೂಮಿನಾ ಬಿಲ್ಲೆ ಹತ್ತು ಪಟ್ಟು ದಪ್ಪ ಇದ್ದರೂ ಅಭ್ರಕಕ್ಕಿಂತ ಎಷ್ಟೋ ಮೇಲು, 0.15ರ ಒಳಗೇ ಮುಗಿಯುತ್ತದೆ. ಆದರೆ ನನ್ನ ನಾಲ್ಕು ಡ್ರೈನ್‌ಗಳೂ (ಟ್ಯಾಬಿಗೆ ಸೇರಿದ ಕಾಲುಗಳು) ಹೇಗಿದ್ದರೂ ಒಂದೇ ತಂತಿಗೆ, ಬ್ಯಾಟರಿಯ ಪ್ಲಸ್ಸಿಗೆ ಸೇರುವುದು. ಹಾಗಾಗಿ ಹೀಟ್‌ಸಿಂಕಿಗೇ ಪ್ಲಸ್ ಬಿಟ್ಟು, ಇಡೀ ಸಿಂಕನ್ನು ಕರೆಂಟ್ ಹರಿಯದ ಹೈಲಂ ಶೀಟಿನ ಮೇಲೆ ಡಬ್ಬಿಯಿಂದ ಬೇರೆ ಮಾಡಿ ಕೂರಿಸಿದ್ದೇನೆ. 12.8 ವೋಲ್ಟಿಗೆ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಮೇಲೆ ಸ್ಕ್ರೂಡ್ರೈವರ್ ಬೀಳದ ಹಾಗೆ ನೋಡಿಕೊಂಡರೆ ಸಾಕು. ಇದೇ ಉಪಾಯವನ್ನು ಕರೆಂಟಿನ ಲೈನಿಗೆ ನೇರ ಸೇರುವ ಸರ್ಕ್ಯೂಟಿನಲ್ಲಿ ಮಾಡಲು ಹೋಗಬೇಡಿ, ದಯವಿಟ್ಟು.

ಹಾಗಾದರೆ ನಡುವಿನ ಎರಡಕ್ಕೆ ಮಾತ್ರ ಎಂತ ರೋಗ? ನಡುವಿನವು ಸ್ವಲ್ಪ ಹೆಚ್ಚು ಕಾಯುವುದು ಸಹಜ, ಬದಿಯವಕ್ಕೆ ಬಿಸಿ ಹರಡಲು ಜಾಗ ಹೆಚ್ಚು. ಆದರೆ 10 ಮಿ.ಮೀ. ಬೇಸ್ ಇರುವಾಗ 25 ಡಿಗ್ರಿಯ ವ್ಯತ್ಯಾಸ ಬರಲಿಕ್ಕಿಲ್ಲ. ರೆಸಿಸ್ಟರುಗಳ ಮೇಲೆ ವೋಲ್ಟೇಜ್ ನೋಡಿದರೆ ನಾಲ್ಕರಲ್ಲೂ 0.5, ಅಂದರೆ ಕರೆಂಟ್ ಸಮ. ಡುಪ್ಲಿಕೇಟ್ ಮಾಲೋ ಅಂತ ನಡುವಿನವನ್ನು ಬದಿಗೆ, ಬದಿಯವನ್ನು ನಡುವಿಗೆ ಹಾಕಿದೆ. ಜ್ವರ ಮಾಸ್ಫೆಟ್ಟಿನ ಜೊತೆ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು. ಬಿಚ್ಚಿದಾಗ ಬದಿಯ ಟ್ಯಾಬುಗಳ ಅಡಿ ಬಿಸಿ ದಾಟಿಸಲು ಹಚ್ಚಿದ ಗ್ರೀಸ್ ತೆಳ್ಳಗೆ ಪಾರದರ್ಶಕವಾಗಿ ಹರಡಿತ್ತು, ನಡುವಿನ ಎರಡರ ಅಡಿ ಮಾತ್ರ ಬೆಳ್ಳಗೆ ದಪ್ಪ ಗಟ್ಟಿ.

(ಇನ್‌ಫ್ರಾರೆಡ್ ಗನ್ ಹಿಡಿದು ಹೊಳೆಯುವ ಅಲ್ಯೂಮಿನಿಯಮ್ಮಿನ ಬಿಸಿ ಅಳೆಯುವವರಿಗೆ: ಅದು ನಿಮಗೆ ತೋರಿಸುವುದು ಹೆಚ್ಚಾಗಿ ಎದುರಿನ ಗೋಡೆಯ ಬಿಸಿ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ಚೂರು ಅಂಟಿಸಿ ಅದರ ಮೇಲೆ ಗುರಿ ಇಡಿ, ಇಲ್ಲವೇ ಕೆ ಟೈಪ್ ಥರ್ಮೋಕಪಲ್ ಬಳಸಿ.)

ಸ್ಟೀಲ್ ಸ್ಕೇಲಿನ ಅಂಚನ್ನು ಸಿಂಕಿನ ಅಗಲಕ್ಕೆ ನಿಲ್ಲಿಸಿ ಕಿಟಕಿಯ ಕಡೆ ಹಿಡಿದೆ. ನಡುವಿನಲ್ಲಿ ಬೆಳಕಿನ ಗೆರೆ. ಸಂದು ಅಳೆಯುವ ಫೀಲರ್ ಗೇಜಿನ 0.10 ಮಿ.ಮೀ. ಎಲೆ ಸಲೀಸಾಗಿ ಒಳಗೆ ಹೋಯಿತು, 0.15 ಹೋಗಲಿಲ್ಲ. ನಡು ತಗ್ಗಿದ ಕಾವಲಿಗೆ ನೀರುದೋಸೆ ಹೊಯ್ದ ಹಾಗೆ: ಹಿಟ್ಟು ತಗ್ಗಿಗೇ ಓಡಿ ಅಲ್ಲಿ ದಪ್ಪ, ಬದಿಯಲ್ಲಿ ತೆಳು. ಬಿಳಿ ಸಿಲಿಕೋನ್ ಗ್ರೀಸಿನ ಉಷ್ಣವಾಹಕತೆ 1ರ ಹತ್ತಿರ ಅಂತ ಹಿಡಿದರೆ 0.12 ಮಿ.ಮೀ. ಪದರಕ್ಕೆ ಪ್ರತಿ ವ್ಯಾಟಿಗೆ 0.4 ಡಿಗ್ರಿ ಬರ್ತದೆ. 61ರಿಂದ ಗುಣಿಸಿ ನೋಡಿ, ಕಾಣೆಯಾದ 25 ಡಿಗ್ರಿ ಅಲ್ಲೇ ಸಿಗ್ತದೆ. ಗ್ರೀಸ್ ಹಾಕದೆ ಅಷ್ಟೇ ಗಾಳಿ ಇದ್ದಿದ್ದರೆ? ಗಾಳಿಯದ್ದು 0.026. ಮಾಸ್ಫೆಟ್ ಆವತ್ತೇ ತಿಥಿ ಊಟಕ್ಕೆ ಕರೆಯುತ್ತಿತ್ತು. ಡೇಟಾಶೀಟಿನ 0.24ರ ಪಕ್ಕ ‘ಸಮತಟ್ಟಾದ, ಗ್ರೀಸ್ ಹಚ್ಚಿದ ಮೇಲ್ಮೈ’ ಅಂತ ಬರೆದಿರುತ್ತದೆ. ಗ್ರೀಸನ್ನು ಎಲ್ಲರೂ ಓದುತ್ತಾರೆ.

ಈಗ ಮಾರಿದವರ ಪುರಾಣ. ಆನ್‌ಲೈನಿನಲ್ಲಿ ‘300 ವ್ಯಾಟ್ ಹೆವಿ ಡ್ಯೂಟಿ’ ಅಂತ ಬರೆದಿತ್ತು. ಪ್ರತಿ ವ್ಯಾಟಿಗೆ ಎಷ್ಟು ಡಿಗ್ರಿ, ಯಾವ ಗಾಳಿಯ ವೇಗಕ್ಕೆ, ಯಾವ ಮಿಶ್ರಲೋಹ, ಮುಖ ಎಷ್ಟು ಸಮ, ಒಂದೂ ಇಲ್ಲ. ಕೇಳಿದರೆ ‘ಗುಡ್ ಕ್ವಾಲಿಟಿ ಸರ್’ ಅಂತ ಉತ್ತರ, ಜೊತೆಗೆ ಒಂದು ಕೈಮುಗಿದ ಚಿತ್ರ. ವ್ಯಾಟಿನಲ್ಲಿ ಹೀಟ್‌ಸಿಂಕ್ ಮಾರುವವರನ್ನು ನಂಬಬೇಡಿ. ಎಕ್ಸ್‌ಟ್ರೂಷನ್ ಮಾಲಿನಲ್ಲಿ (ಅಚ್ಚಿನ ಮೂಲಕ ಒತ್ತಿ ತೆಗೆದದ್ದು) ಇಂಚಿಗೆ 4 ಥೌ (ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 25 ಮಿ.ಮೀ.ಗೆ 0.1 ಮಿ.ಮೀ. ಬಾಗುವುದು ಮಾಮೂಲಿ ಟಾಲರೆನ್ಸಿನ ಒಳಗೇ ಬರುತ್ತದೆ, ಹಾಗಾಗಿ ವಾಪಸ್ ಕೊಡುವ ಜಗಳಕ್ಕೂ ಜಾಗ ಇಲ್ಲ. ಬಂದರಿನ ಕಡೆಯ ಗುಜರಿ ಅಂಗಡಿಯಲ್ಲಿ ಹಳೇ ಇನ್ವರ್ಟರಿನ ಸಿಂಕುಗಳು ಕಿಲೋ ಲೆಕ್ಕದಲ್ಲಿ ಸಿಗ್ತವೆ. ಅವುಗಳ ಮುಖವನ್ನು ಕಂಪನಿಯವರೇ ಮಿಲ್ಲಿಂಗ್ ಮಾಡಿರುವುದರಿಂದ ಅದೇ ಒಳ್ಳೆಯ ಮಾಲು. ಆದರೆ ನನಗೆ ಬೇಕಾದ ಅಳತೆಯದ್ದು ಸಿಕ್ಕಲಿಲ್ಲ, ಸಿಕ್ಕಿದ್ದರಲ್ಲಿ ತೂತುಗಳೇ ಜಾಸ್ತಿ.

ಸರಿ, ಮುಖ ಹೊಡೆಸುವ, ಅಂದರೆ ಮೆಷಿನ್ನಿನಲ್ಲಿ ಸಮ ಮಾಡಿಸುವ ಅಂತ ಬೈಕಂಪಾಡಿ ಕಡೆ ಹೊರಟೆ. ಮೊದಲ ಅಂಗಡಿಯಲ್ಲಿ ಸರ್ಫೇಸ್ ಗ್ರೈಂಡರ್ ಉಂಟು, ಹಾಕುವ ಮನಸ್ಸಿಲ್ಲ. “ಸಾರ್, ಅಲ್ಯೂಮಿನಿಯಂ ಇದಕ್ಕೆ ಹಾಕುದಿಲ್ಲ. ವೀಲಿಗೆ ಅಂಟಿ ಕೂತ್ಕೊಳ್ತದೆ.” ನ್ಯಾಯವೇ. ಎರಡನೆಯವರು ಮಿಲ್ಲಿಂಗಿನಲ್ಲಿ ಫ್ಲೈ ಕಟರ್ ಹಾಕಿ ಹೊಡೆದುಕೊಟ್ಟರು. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಮನೆಗೆ ತಂದು ಸ್ಕೇಲ್ ಇಟ್ಟರೆ ನಡುವಿನಲ್ಲಿ ಅದೇ ಬೆಳಕಿನ ಗೆರೆ.

ಇದು ನನ್ನ ನಿದ್ದೆ ಕೆಡಿಸಿತು. ಕಟರ್ ನೇರ, ಮೆಷಿನ್ ನೇರ, ತುಂಡು ಮಾತ್ರ ತಗ್ಗು. ಕಾರಣ ಇದ್ದದ್ದು ತುಂಡನ್ನು ಬಿಗಿದು ಹಿಡಿಯುವ ವೈಸಿನಲ್ಲಿ. ಅದು ಹಿಡಿಯುವುದು ಎರಡು ಬದಿಯ ಹೊರಗಿನ ಫಿನ್ನುಗಳನ್ನು, ಬೇಸಿನಿಂದ ಚಾಚಿದ ತೆಳು ರೆಕ್ಕೆಗಳನ್ನು. ಬಿಗಿದಂತೆ ಫಿನ್ನಿನ ಕೆಳತುದಿ ಒಳಗೆ ಬಾಗುತ್ತದೆ, ಬೇಸಿನ ನಡು ಮೇಲಕ್ಕೆ ಉಬ್ಬುತ್ತದೆ. ಕಟರ್ ಆ ಉಬ್ಬನ್ನು ಚೊಕ್ಕವಾಗಿ ಬೋಳಿಸುತ್ತದೆ. ವೈಸ್ ಬಿಟ್ಟ ಕೂಡಲೇ ಲೋಹ ತನ್ನ ಜಾಗಕ್ಕೆ ಮರಳುತ್ತದೆ, ಬೋಳಿಸಿದ ನಡು ತಗ್ಗಾಗುತ್ತದೆ. ವೈಸಿನಲ್ಲಿ ಇರುವಷ್ಟು ಹೊತ್ತು ಡಯಲ್ ಇಂಡಿಕೇಟರ್ ಇಟ್ಟರೂ ಎಲ್ಲ ಸರಿಯೇ ಕಾಣುವುದು.

ದಾರಿ ತೋರಿಸಿದ್ದು ಯೆಯ್ಯಾಡಿ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇದನ್ನು ಹಿಂಡಿ ಹಿಡಿಯುದಲ್ಲ ಮಾರಾಯ್ರೆ, ಕೂರಿಸಿ ಹಿಡಿಯುದು” ಅಂದರು. ಅದೃಷ್ಟಕ್ಕೆ ಎಕ್ಸ್‌ಟ್ರೂಷನ್ ಇನ್ನೂ ಉದ್ದಕ್ಕೇ ಇತ್ತು. ಎರಡೂ ತುದಿಯಲ್ಲಿ ಒಂದೊಂದು ಇಂಚು ಹೆಚ್ಚುವರಿ ಬಿಟ್ಟು ಕ್ಲ್ಯಾಂಪನ್ನು ಅಲ್ಲಿಗೆ ಹಾಕಿದರು. ಫಿನ್ನುಗಳ ನಡುವೆ ಮರದ ರೀಪು ತುರುಕಿದರು. ಟೇಬಲಿನ ಮೇಲೆ ಇಟ್ಟು ಕುಲುಕಿ, ಆಡುವ ಮೂಲೆಗೆ ಶಿಮ್ (ತೆಳು ತಗಡು) ಕೊಟ್ಟರು. ಸೀಮೆಎಣ್ಣೆ ಹಾಕುತ್ತಾ ತೆಳು ತೆಳು ಕಟ್. ಕೊನೆಯ ಕಟ್ಟಿಗೆ ಮೊದಲು ಕ್ಲ್ಯಾಂಪ್ ಪೂರ್ತಿ ಸಡಿಲ ಮಾಡಿ, ಲೋಹಕ್ಕೆ ಉಸಿರಾಡಲು ಬಿಟ್ಟು, ಪುನಃ ಬೆರಳಬಿಗಿಗಿಂತ ಸ್ವಲ್ಪ ಹೆಚ್ಚು ಬಿಗಿದು 0.05 ಮಿ.ಮೀ. ಮಾತ್ರ ತೆಗೆದರು. ಆಮೇಲೆ ತುದಿಗಳನ್ನು ಕೊಯ್ದು ಬಿಸಾಡಿದ್ದು. ಈಗ ಫೀಲರಿನ 0.03ರ ಎಲೆ ಕೂಡ ಎಲ್ಲೂ ಹೋಗುವುದಿಲ್ಲ. ಮುಖದ ಮೇಲೆ ಕಟರಿನ ಗೆರೆಗಳು ಕಾಣ್ತವೆ, ಹೊಳಪು ಮೊದಲಿನಷ್ಟಿಲ್ಲ. ಚಿಂತೆ ಇಲ್ಲ, ಆ ಗೆರೆಗಳಿಗೆ ಗ್ರೀಸ್ ಸಾಕು. ಕನ್ನಡಿ ಹೊಳಪಿಗೆ ಅಂತ ಗಂಟೆಗಟ್ಟಲೆ ಪೇಪರ್ ಉಜ್ಜುವವರು ಮೊದಲು ಸ್ಕೇಲ್ ಇಟ್ಟು ನೋಡುವುದು ಒಳ್ಳೆಯದು, ಕೈಯಲ್ಲಿ ಉಜ್ಜಿದರೆ ಅಂಚು ಸವೆದು ಮುಖ ಉಬ್ಬುವುದೇ ಹೆಚ್ಚು.

ಸ್ಕ್ರೂ ತೂತಿನೊಳಗೆ ಥ್ರೆಡ್ ಕೊಯ್ಯುವ ಎಂ3 ಟ್ಯಾಪ್ ಹಾಕಿದ್ದು ಮುಖ ಹೊಡೆದ ಮೇಲೆ. ಟ್ಯಾಪ್ ತೂತಿನ ಬಾಯಿಯಲ್ಲಿ ಸಣ್ಣ ದಡ ಎಬ್ಬಿಸುತ್ತದೆ, ಟ್ಯಾಬ್ ಅದರ ಮೇಲೆ ಹತ್ತಿ ಕೂತರೆ ಇಷ್ಟೆಲ್ಲ ಮಾಡಿದ್ದು ಹೊಳೆಗೆ ಹಾಕಿದ ಹುಣಸೆ. ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಾಯಿ ಹೆರೆದರೆ ಆಯಿತು.

ತಾಮ್ರ ಯಾಕೆ ಬೇಡ ಅಂತ ಪ್ರತಿ ಸಲ ಯಾರಾದರೂ ಕೇಳ್ತೀರಿ. ತಾಮ್ರದ ಉಷ್ಣವಾಹಕತೆ 400ರ ಹತ್ತಿರ, ಹೀಟ್‌ಸಿಂಕಿನ 6063 ಅಲ್ಯೂಮಿನಿಯಮ್ಮಿನದ್ದು 200ರ ಹತ್ತಿರ, ಒಪ್ಪಿದೆ. ಆದರೆ ತೂಕ ಮೂರು ಪಟ್ಟಿಗೂ ಮೇಲೆ, ಬೆಲೆ ಹೇಳುವುದೇ ಬೇಡ. ನಡುವೆ ತಾಮ್ರದ ತಟ್ಟೆ ಇಟ್ಟರೆ ಸಮತಟ್ಟು ಮಾಡಬೇಕಾದ ಮುಖಗಳು ಇನ್ನೂ ಎರಡು ಹೆಚ್ಚಾಗ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಸಮುದ್ರದ ಉಪ್ಪುಗಾಳಿಯಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿ ಕೂತರೆ ಸವೆಯುವುದು ಅಲ್ಯೂಮಿನಿಯಂ. ಒಂದು ಮಳೆಗಾಲ ಸಾಕು, ಅಂಚಿನಲ್ಲಿ ಬಿಳಿ ಪುಡಿ ಉದುರಲು. ಆನೊಡೈಸಿಂಗಿಗೂ (ಅಲ್ಯೂಮಿನಿಯಮ್ಮಿನ ಮೇಲೆ ಕಾಪಿನ ಆಕ್ಸೈಡ್ ಪದರ ಬೆಳೆಸುವುದು) ಇದೇ ಕಾರಣಕ್ಕೆ ನನ್ನ ಓಟು. ಫ್ಯಾನ್ ಇರುವಲ್ಲಿ ಕಪ್ಪು ಬಣ್ಣದಿಂದ ತಂಪಿಗೆ ಹೇಳಿಕೊಳ್ಳುವ ಲಾಭ ಇಲ್ಲ, ತುಕ್ಕಿನಿಂದ ಕಾಯುವ ಲಾಭ ಉಂಟು. ನನ್ನದರಲ್ಲಿ ಮಿಲ್ಲಿಂಗ್ ಮಾಡಿದ ಮುಖ ಬೋಳಾಗಿದೆ, ಟ್ಯಾಬುಗಳ ಸುತ್ತ ತೆಳುವಾಗಿ ವಾರ್ನಿಷ್ ಹೊಡೆದಿದ್ದೇನೆ.

ಈ ಲೋಡ್ ಕಟ್ಟಲು ಹೊರಟದ್ದೇ ಮುಂದಿನ ಕೆಲಸಕ್ಕಾಗಿ. ಮಳೆಗಾಲದಲ್ಲಿ ಮನೆ ಮನೆಗೆ ಹೋಗುವ ಚಿಕ್ಕಮೇಳದವರಿಗೆ (ಯಕ್ಷಗಾನದ ಸಣ್ಣ ತಂಡ) ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಆಂಪ್ಲಿಫಯರ್ ಮಾಡಬೇಕು ಅಂತ ಆಸೆ. ಭಾಗವತರ ಸ್ವರಕ್ಕೆ ಮಾತ್ರ. ಚೆಂಡೆಗೆ ಮೈಕ್ ಕೊಡುವ ಪಾಪ ನಾನು ಮಾಡುವುದಿಲ್ಲ. ಟಿಪಿಎ3116 ಆಂಪ್ಲಿಫಯರ್ ಚಿಪ್ಪಿನ ಬೋರ್ಡ್, ಅದೇ 12.8 ವೋಲ್ಟಿನ ಪ್ಯಾಕ್. 4 ಓಮ್ ಸ್ಪೀಕರಿಗೆ 20 ವ್ಯಾಟ್ ದಾಟುವುದಿಲ್ಲ, ಒಂದು ಜಗಲಿಗೆ ಬೇಕಾದಷ್ಟಾಯಿತು. ಹೆಚ್ಚು ಬಿಸಿಯಾಗದ ಕ್ಲಾಸ್ ಡಿ ಬಗೆಯದ್ದು ಆದ್ದರಿಂದ ಹೀಟ್‌ಸಿಂಕಿನ ತಲೆಬಿಸಿ ಇಲ್ಲ. ತಲೆಬಿಸಿ ಇರುವುದು ಡಬ್ಬಿಯದ್ದು: ಜಡಿಮಳೆಯ ನೀರು ಒಳಗೆ ಹೋಗಬಾರದು, ಸ್ವರ ಹೊರಗೆ ಬರಬೇಕು. ಹಳೇ ಸೆಲ್ಲುಗಳಲ್ಲಿ ಯಾವುದಕ್ಕೆ ಇನ್ನೂ ಜೀವ ಇದೆ ಅಂತ ಈ ಲೋಡ್ ಹೇಳಬೇಕು.

ಲೋಡಿನಲ್ಲಿ ಇನ್ನೂ ಬಾಕಿ ಇರುವುದು ಫ್ಯಾನಿನ ನಿಯಂತ್ರಣ. ಈಗ 5 ಆಂಪಿಯರಿಗೂ ಪೂರ್ತಿ ವೇಗದಲ್ಲೇ ಕಿರುಚುತ್ತದೆ. ಬೇಸಿಗೆ ಒಂದು 10ಕೆ ಎನ್‌ಟಿಸಿ (ಬಿಸಿ ಅಳೆಯುವ ರೆಸಿಸ್ಟರ್) ಅಂಟಿಸಿ 45 ಡಿಗ್ರಿಯಿಂದ ವೇಗ ಏರಿಸುವ ಯೋಚನೆ ಉಂಟು. ಫ್ಯಾನ್ ಕೆಟ್ಟರೆ ಲೋಡ್ ತಾನಾಗಿ ಬಂದ್ ಆಗಲು 85ರ ಥರ್ಮಲ್ ಸ್ವಿಚ್ ಒಂದನ್ನು ನಡುವಿನ ಎರಡು ಮಾಸ್ಫೆಟ್‌ಗಳ ಮಧ್ಯೆ ಕೂರಿಸಬೇಕು. ಸ್ವಿಚ್ ಆರ್ಡರ್ ಮಾಡಿದ್ದೆ. ಬಂದದ್ದು ನಾರ್ಮಲಿ ಓಪನ್, ಬಿಸಿಯಾದಾಗ ಕೂಡುವಂಥದ್ದು. ಬೇಕಾದದ್ದು ನಾರ್ಮಲಿ ಕ್ಲೋಸ್ಡ್, ಬಿಸಿಯಾದಾಗ ಕಡಿಯುವಂಥದ್ದು. ಬಿಲ್ಲಿನಲ್ಲಿ ಕ್ಲೋಸ್ಡ್ ಅಂತಲೇ ಬರೆದಿದೆ, ಹಾಗಾಗಿ ಈ ಸಲ ಜಗಳಕ್ಕೆ ಜಾಗ ಉಂಟು.