‘ಮಕ್ಕಳಿಲ್ಲ’ ಅಂದರೆ ಮನೆಯಲ್ಲಿ ಮಗುವಿಲ್ಲ ಅಂತಲ್ಲ

ಹೊಟ್ಟೆಪಾಡಿಗೆ ನಾನು ಕಂಪನಿಯೊಂದರ ಅಕೌಂಟೆಂಟ್. ಆದರೆ ಫೆಬ್ರವರಿ ಬಂತೆಂದರೆ ಏಪ್ರಿಲ್ 15ರವರೆಗೆ ಶನಿವಾರಗಳು ನನ್ನ ಕೈಲಿರುವುದಿಲ್ಲ. ನ್ಯೂಜೆರ್ಸಿಯ ಒಂದು ಲೈಬ್ರರಿಯ ನೆಲಮಾಳಿಗೆಯಲ್ಲಿ ಮಡಚುವ ಮೇಜು ಹಾಕಿಕೊಂಡು ಬೇರೆಯವರ ಟ್ಯಾಕ್ಸ್ ರಿಟರ್ನ್ ತುಂಬುತ್ತಿರುತ್ತೇನೆ, ಬಿಟ್ಟಿಯಾಗಿ. ಇದಕ್ಕೆ ಇಲ್ಲಿ ವೀಟಾ ಅಂತಾರೆ. ತೆರಿಗೆ ಇಲಾಖೆ ಐಆರ್‌ಎಸ್‌ನದೇ ಯೋಜನೆ. ಕೂತು ತುಂಬುವವರು ನಮ್ಮಂಥ ಸ್ವಯಂಸೇವಕರು. 2025ರ ಸೀಸನ್‌ನಲ್ಲಿ ವರ್ಷಕ್ಕೆ ಸುಮಾರು 67,000 ಡಾಲರ್‌ವರೆಗೆ ದುಡಿಯುವವರು ಬರಬಹುದಿತ್ತು.

ನಮ್ಮ ಕನ್ನಡ ಕೂಟದ ಗೆಳೆಯರು ‘ನಮ್ಮದೂ ಒಂದು ಮಾಡಿಕೊಡಪ್ಪ’ ಅಂತಾರೆ. ಐಟಿ ಸಂಬಳಕ್ಕೆ ಇಲ್ಲಿ ಜಾಗವಿಲ್ಲ. ಓದಲು ಬಂದ ಹುಡುಗರದು ಬೇರೆ ಕಥೆ: ಮೊದಲ ಐದು ವರ್ಷ ಸಾಮಾನ್ಯವಾಗಿ ಅವರು 1040-ಎನ್‌ಆರ್ ಅನ್ನುವ ಅನಿವಾಸಿಗಳ ರಿಟರ್ನ್ ತುಂಬಬೇಕು, ಅದಕ್ಕೆ ಪ್ರತ್ಯೇಕ ತರಬೇತಿ ಆದವರೇ ಬೇಕು. ಭಾರತದ ವಿದ್ಯಾರ್ಥಿಗಳಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ತೆರಿಗೆ ತಾಗದ ನಿಗದಿತ ಭಾಗ, ಸಿಗುತ್ತದೆ. ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ, ಹಾಗಾಗಿ ಹೇಳಿದೆ.

ಕೂರುವ ಮುಂಚೆ ಪರೀಕ್ಷೆ ಬರೆದು ಶೇ. 80 ತೆಗೆಯಬೇಕು. ನನಗೆ ಅದು ನೀರು ಕುಡಿದಷ್ಟು ಸಲೀಸು. ಜಂಬಕ್ಕೆ ಅಷ್ಟು ಸಾಕಾಯಿತು.

2025ರ ಮಾರ್ಚ್‌ನ ಒಂದು ಶನಿವಾರ, ಹೊರಗೆ ಇಪ್ಪತ್ತು ಜನರ ಸಾಲು. ನರ್ಸಿಂಗ್ ಹೋಮ್‌ನ ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಬಂದಿದ್ದ ಹೆಂಗಸೊಬ್ಬರು ನನ್ನೆದುರು ಕೂತರು. ಒಂದೇ ಡಬ್ಲ್ಯೂ-2 (ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳದ ಚೀಟಿ), 27,000 ಡಾಲರ್ ಸಂಬಳ. ಇಲ್ಲಿ ಎಲ್ಲರೂ ಮೊದಲು ತುಂಬಬೇಕಾದ ಹಾಳೆ ಫಾರ್ಮ್ 13614-ಸಿ. ಅದರಲ್ಲಿ ಅವಲಂಬಿತರ ಜಾಗ ಖಾಲಿ. ‘ಮಕ್ಕಳು?’ ಅಂದೆ. ‘ಇಲ್ಲ’ ಅಂದರು. ಸಿಂಗಲ್ ಅಂತ ಒತ್ತಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು, ರೀಫಂಡ್ ನೂರೈವತ್ತು ಡಾಲರ್ ಚಿಲ್ಲರೆ. ಹಿಂದಿನ ವರ್ಷ ಅಂಗಡಿಯೊಂದರಲ್ಲಿ ಇಷ್ಟೇ ಕೆಲಸಕ್ಕೆ ಇನ್ನೂರು ಡಾಲರ್‌ಗೂ ಹೆಚ್ಚು ಕಿತ್ತಿದ್ದರಂತೆ. ‘ನಿಮ್ಮದು ಪುಕ್ಕಟೆ ಅಂದ್ರಲ್ಲ?’ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ನಡುವೆ ಒಂದು ಮಾತು ಹೇಳಿದ್ದರು: ‘ಎರಡು ಗಂಟೆಯೊಳಗೆ ಮುಗಿಯುತ್ತಾ? ಹುಡುಗನನ್ನ ಫುಟ್‌ಬಾಲಿಗೆ ಬಿಡಬೇಕು.’ ನಾನು ಗಡಿಯಾರ ನೋಡಿದೆ, ಅವರ ಮುಖ ನೋಡಲಿಲ್ಲ.

ವೀಟಾದಲ್ಲಿ ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಪರಿಶೀಲಿಸದೆ ಯಾವ ರಿಟರ್ನೂ ಹೊರಡುವಂತಿಲ್ಲ. ಆ ದಿನ ಪರಿಶೀಲನೆಗೆ ಇದ್ದವರು ನಿವೃತ್ತ ಸ್ಕೂಲ್ ಟೀಚರ್. ಲೆಕ್ಕದ ಕಡೆ ಕಣ್ಣೂ ಹಾಯಿಸಲಿಲ್ಲ. ‘ಹೋದ ವರ್ಷ ನಿಮ್ಮ ಮನೇಲಿ ಯಾರ್ಯಾರು ಮಲಗ್ತಿದ್ರು?’ ಅಂತ ಕೇಳಿದರು, ಅಷ್ಟೇ.

ಆ ಹೆಂಗಸಿನ ತಂಗಿಯ ಮಗ, ಒಂಬತ್ತು ವರ್ಷ. ತಂಗಿ ಬೇರೆ ರಾಜ್ಯಕ್ಕೆ ಹೋದ ಮೇಲೆ, 2024ರ ಮೇ ತಿಂಗಳಿಂದ ಇವರ ಜೊತೆಗೇ ಇದ್ದಾನೆ. ಊಟ, ಬಟ್ಟೆ, ಸ್ಕೂಲು, ಜ್ವರ ಬಂದರೆ ಡಾಕ್ಟರು, ಎಲ್ಲ ಇವರದೇ. ‘ಅವನು ನನ್ನ ಮಗ ಅಲ್ವಲ್ಲ, ಅದಕ್ಕೇ ಬರೀಲಿಲ್ಲ’ ಅಂದರು. ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಕಾನೂನಿನ ಕಣ್ಣಿಗೆ ತಂಗಿಯ ಮಗನೂ ‘ಅರ್ಹ ಮಗು’ವೇ, ಅರ್ಧ ವರ್ಷಕ್ಕಿಂತ ಹೆಚ್ಚು ಒಂದೇ ಸೂರಿನಡಿ ಇದ್ದರೆ. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಎಂಟು ತಿಂಗಳು. ಮತ್ತೆ ಕೂತು ಲೆಕ್ಕ ಹಾಕಿದೆ. ಸಿಂಗಲ್ ಹೋಗಿ ಹೆಡ್ ಆಫ್ ಹೌಸ್‌ಹೋಲ್ಡ್, ಅಂದರೆ ಮನೆ ನಡೆಸುವವರು, ಆಯಿತು. ಡಿಡಕ್ಷನ್ 14,600ರಿಂದ 21,900ಕ್ಕೆ ಏರಿತು. ಅವನ ಹೆಸರಿನಲ್ಲಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಮಗುವಿದ್ದವರಿಗೆ ಸಿಗುವ ತೆರಿಗೆ ರಿಯಾಯಿತಿ, 2,000. ಕಡಿಮೆ ಸಂಬಳದಲ್ಲಿ ದುಡಿಯುವವರಿಗೆಂದು 1975ರಿಂದ ಇರುವ ಅರ್ನ್ಡ್ ಇನ್‌ಕಮ್ ಕ್ರೆಡಿಟ್ಟೂ ಮೂರೂವರೆ ಸಾವಿರ ಚಿಲ್ಲರೆ ಬಂತು. ನೂರೈವತ್ತರ ಜಾಗದಲ್ಲಿ ಆರು ಸಾವಿರದ ನಾನೂರು ಡಾಲರ್. ಇದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ್ದು ಮಾತ್ರ. ಆ ಅರ್ನ್ಡ್ ಇನ್‌ಕಮ್ ಕ್ರೆಡಿಟ್‌ನ ಶೇ. 40ರಷ್ಟನ್ನು ನ್ಯೂಜೆರ್ಸಿ ತನ್ನ ಕಡೆಯಿಂದ ಬೇರೆ ಕೊಡುತ್ತದೆ.

ಅವತ್ತೇ ಕಳಿಸಲಾಗಲಿಲ್ಲ. ಹುಡುಗನ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಇರಲಿಲ್ಲ. ಅವನು ಇವರ ವಿಳಾಸದಲ್ಲೇ ಇದ್ದ ಅನ್ನುವುದಕ್ಕೆ ಸ್ಕೂಲಿನದೊಂದು ಪತ್ರ ಇಟ್ಟುಕೊಂಡರೆ ಮುಂದೆ ಇಲಾಖೆ ಕೇಳಿದಾಗ ಪರದಾಟ ತಪ್ಪುತ್ತದೆ, ಅದನ್ನೂ ಹೇಳಿದೆವು. ಮನಸ್ಸಿನಲ್ಲಿ ಅಳುಕು: ರಾತ್ರಿ ಪಾಳಿಯವರು, ಇನ್ನೊಂದು ಶನಿವಾರ ನಿದ್ದೆಗೆಟ್ಟು ಬರುತ್ತಾರಾ? ತಪ್ಪು ನನ್ನದು, ಓಡಾಟ ಅವರದು.

ಈಗ ನಾನು ‘ಮಕ್ಕಳು?’ ಅಂತ ಕೇಳುವುದಿಲ್ಲ. ಹಾಳೆಯನ್ನು ಮಗುಚಿಟ್ಟು ಟೀಚರ್ ಪ್ರಶ್ನೆಯನ್ನೇ ಕೇಳುತ್ತೇನೆ, ಆಮೇಲೆ ಸುಮ್ಮನಿರುತ್ತೇನೆ. ಅಜ್ಜಿ, ಮೊಮ್ಮಗಳು, ಅಣ್ಣನ ಮಗ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಎಲ್ಲರೂ ಲೆಕ್ಕಕ್ಕೆ ಸೇರುವುದಿಲ್ಲ. ಹೋದ ತಿಂಗಳಷ್ಟೇ ಬಂದ ಸೋದರಳಿಯನನ್ನು ಸೇರಿಸಿ ಅಂತ ಜಗಳಕ್ಕೆ ನಿಂತವರೂ ಇದ್ದಾರೆ. ಒಬ್ಬೊಬ್ಬರಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಸಾಲಿನಲ್ಲಿ ನಿಂತವರು ಗೊಣಗುತ್ತಾರೆ.

ಆ ಹೆಂಗಸು ಮುಂದಿನ ಶನಿವಾರ ಬಂದರು, ಹುಡುಗನನ್ನೂ ಕರಕೊಂಡು. ಅವನು ಪಕ್ಕದ ತಿರುಗುವ ಕುರ್ಚಿಯಲ್ಲಿ ಗಿರಗಿರ ಸುತ್ತುತ್ತಿದ್ದ. ಸಹಿ ಹಾಕುವ ಮುಂಚೆ ಟೀಚರ್ ಬ್ಯಾಂಕ್ ಖಾತೆಯ ಅಂಕಿಗಳನ್ನು ಗಟ್ಟಿಯಾಗಿ ಓದಿಸಿದರು. ಎರಡನೇ ಸಲ ನನ್ನ ಕೈಲೂ ಓದಿಸಿದರು.