ಬೇಲಿಗೆ ಗುಲಗಂಜಿ: ಬೀಜದಿಂದ ಬಳ್ಳಿಯವರೆಗಿನ ಆರು ತಿಂಗಳ ಟಿಪ್ಪಣಿ

ಮೇ ಕೊನೆಯ ವಾರ

ಹಿತ್ತಲಿನ ತಂತಿಬೇಲಿಗೆ ಬೇಸಿಗೆಯಲ್ಲಿ ನೀರು ಕೇಳದ, ಕಡಿದರೂ ಬುಡದಿಂದ ಮತ್ತೆ ಚಿಗುರುವ ಬಳ್ಳಿಯೊಂದು ಬೇಕಾಗಿತ್ತು. ಮಧುಗಿರಿ ಕಡೆಯ ಕಳ್ಳಿಬೇಲಿಯೊಂದರ ಮೇಲೆ ಹಬ್ಬಿದ್ದ ಗುಲಗಂಜಿಯಿಂದ ಫೆಬ್ರವರಿಯಲ್ಲಿ ಆರಿಸಿ ತಂದ ಬೀಜಗಳ ಪೈಕಿ 24ನ್ನು ಇದಕ್ಕಾಗಿ ಬೇರೆ ಮಾಡಿದೆ. ಅವೆಲ್ಲವನ್ನೂ ಸಣ್ಣ ತಕ್ಕಡಿಯಲ್ಲಿಟ್ಟಾಗ ಒಟ್ಟು ತೂಕ 2.6 ಗ್ರಾಂ ಬಂದಿತು, ಅಂದರೆ ಒಂದಕ್ಕೆ ಸುಮಾರು 0.108 ಗ್ರಾಂ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿಯನ್ನೇ ಬಳಸುತ್ತಿದ್ದರು; ಒಂದು ಬೀಜದ ಆ ತೂಕಕ್ಕೆ ರತ್ತಿ ಎಂದು ಹೆಸರು. 96 ರತ್ತಿಗೆ ಒಂದು ತೊಲ (ಸುಮಾರು 11.66 ಗ್ರಾಂ) ಎಂಬ ಹಳೆಯ ಲೆಕ್ಕದಲ್ಲಿ ಒಂದು ರತ್ತಿಗೆ 0.1215 ಗ್ರಾಂ ಬೀಳುವುದರಿಂದ, ಬಯಲುಸೀಮೆಯ ನನ್ನ ಬೀಜಗಳು ಅಕ್ಕಸಾಲಿಗರ ಅಳತೆಗೆ ಸ್ವಲ್ಪ ಕಡಿಮೆಯೇ. ಆದರೂ ಅವರು ಇದನ್ನೇ ಏಕೆ ಆರಿಸಿಕೊಂಡಿದ್ದರೆಂಬುದು ಬಿತ್ತಲು ಕುಳಿತಾಗಲೇ ನನಗೆ ಸರಿಯಾಗಿ ಹೊಳೆಯಿತು. ಈ ಬೀಜದ ಸಿಪ್ಪೆ ನೀರನ್ನು ಒಳಕ್ಕೂ ಬಿಡುವುದಿಲ್ಲ, ಹೊರಕ್ಕೂ ಬಿಡುವುದಿಲ್ಲ. ಹಾಗಾಗಿ ಮಳೆಗಾಲವಿರಲಿ ಬೇಸಿಗೆಯಿರಲಿ, ತೂಕ ಅಷ್ಟೇ ಇರುತ್ತದೆ. ತಕ್ಕಡಿಗೆ ಒದಗಿದ ಆ ಗುಣವೇ ಮೊಳಕೆಗೆ ಅಡ್ಡಿ.

ಜೂನ್ 3

ಬೀಜಗಳನ್ನು ಎಂಟರಂತೆ ಮೂರು ಪಾಲು ಮಾಡಿದೆ. ಮೊದಲ ಪಾಲನ್ನು ಹಾಗೆಯೇ ತಣ್ಣೀರಿನಲ್ಲಿ ನೆನೆಹಾಕಿದೆ. ಎರಡನೆಯ ಪಾಲಿನ ಮೇಲೆ, ಕುದಿಸಿ ಒಲೆಯಿಂದಿಳಿಸಿ ಕೆಲವು ನಿಮಿಷ ಬಿಟ್ಟ ನೀರನ್ನು ಹೊಯ್ದು ರಾತ್ರಿಯಿಡೀ ಇಟ್ಟೆ. ಮೂರನೆಯದನ್ನು ಉಪ್ಪುಕಾಗದದ ಮೇಲೆ ಉಜ್ಜಿದೆ. ಬೀಜವು ಕಾಯಿಗೆ ಅಂಟಿಕೊಂಡಿರುವ ಗುರುತು ಕಪ್ಪು ಭಾಗದಲ್ಲಿದ್ದು, ಮೊಳಕೆಯ ಮೂಲವೂ ಅದರ ಹತ್ತಿರವೇ ಇರುವುದರಿಂದ, ಅದರ ಎದುರಿನ ಕೆಂಪು ತುದಿಯನ್ನು ಮಾತ್ರ ಒಳಗಿನ ಮಾಸಲು ಬಣ್ಣ ಸಾಸಿವೆಯಷ್ಟು ಕಾಣುವವರೆಗೆ ಉಜ್ಜಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಬರೆದಿಡಲೇಬೇಕು. ಗುಲಗಂಜಿಯ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡೀ ಬೀಜವನ್ನು ನುಂಗಿದವರು ಎಷ್ಟೋ ಸಲ ಬಚಾವಾಗಿದ್ದಾರೆ; ಅಗಿದ ಅಥವಾ ತೂತು ಕೊರೆದ ಬೀಜದ ಮಾತು ಬೇರೆ. ಮೊಳೆಯಲೆಂದು ನಾನು ಉಜ್ಜಿ ತೆಗೆಯುವುದು ಆ ಕಾಪನ್ನೇ ಆದ್ದರಿಂದ, ಕೈಗವಸು ಮತ್ತು ಮುಖಗವಸು ಧರಿಸಿ, ಪುಡಿ ಹಾರದಂತೆ ಕಾಗದವನ್ನು ಒದ್ದೆ ಮಾಡಿಕೊಂಡೇ ಉಜ್ಜಿದೆ. ಕೆಲಸದ ಮೊದಲೊಮ್ಮೆ, ಕೊನೆಗೊಮ್ಮೆ ಬೀಜಗಳನ್ನು ಎಣಿಸಿದೆ. ಚಿಕ್ಕ ಮಕ್ಕಳು ಓಡಾಡುವ ಮನೆಗೆ ಈ ಬಳ್ಳಿಯನ್ನು ನಾನು ಸೂಚಿಸುವುದಿಲ್ಲ. ನಮ್ಮ ಬೇಲಿಯ ಆಚೆಗಿರುವುದು ಬೀಳುಭೂಮಿ.

ಜೂನ್ 4

ತಣ್ಣೀರಿನ ಪಾಲಿನ ತೂಕ ಒಂದಿಷ್ಟೂ ಬದಲಾಗಿಲ್ಲ. ಉಜ್ಜಿದ ಎಂಟು ಬೀಜಗಳು ಮಾತ್ರ 0.87 ಗ್ರಾಂನಿಂದ 1.8 ಗ್ರಾಂಗೆ ಏರಿ, ಉಬ್ಬಿ, ಬಣ್ಣಗೆಟ್ಟಿವೆ. ಬಿಸಿನೀರಿನವುಗಳಲ್ಲಿ ಮೂರು ಉಬ್ಬಿವೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಉದ್ದನೆಯ ಪಾಲಿಥಿನ್ ಚೀಲಗಳಲ್ಲಿ ಎಲ್ಲವನ್ನೂ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿದೆ.

ಜೂನ್ 22

ಉಜ್ಜಿದ ಎಂಟರಲ್ಲಿ ಆರು, ಬಿಸಿನೀರಿನ ಎಂಟರಲ್ಲಿ ಎರಡು ಮೊಳೆತಿವೆ. ಮುಟ್ಟದೆ ಬಿಟ್ಟವುಗಳಲ್ಲಿ ಒಂದೂ ಇಲ್ಲ. ಉಜ್ಜಿದವುಗಳಲ್ಲಿ ಬಾರದ ಎರಡನ್ನು ಕೆದಕಿ ನೋಡಿದರೆ ಕೊಳೆತು ಹೋಗಿದ್ದವು. ನಾನು ಅವಸರದಲ್ಲಿ ಆಳಕ್ಕೆ ಉಜ್ಜಿದ್ದೇ ಕಾರಣವಿರಬೇಕು.

ಜುಲೈ

ಜಡಿಮಳೆಯ ವಾರದಲ್ಲಿ ಬಸವನಹುಳುಗಳು ಎರಡು ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸಿದವು. ಉಳಿದ ಆರನ್ನು ಬೇರು ಕದಲದಂತೆ ಚೀಲವನ್ನು ಸೀಳಿ ಬೇಲಿಯ ಬುಡದಲ್ಲಿ ನೆಟ್ಟೆ. ಗುಲಗಂಜಿಗೆ ಕುಡಿಬಳ್ಳಿಗಳಿಲ್ಲ, ಕಾಂಡವೇ ಆಸರೆಯನ್ನು ಸುತ್ತಿಕೊಳ್ಳಬೇಕು. ತೆಳ್ಳಗಿನ ತಂತಿಯನ್ನು ಅದು ಬೇಗ ಹಿಡಿಯಿತು, ದಪ್ಪನೆಯ ಕಲ್ಲುಕಂಬವನ್ನು ಸುತ್ತದೆ ಜಾರಿತು. ಕಂಬಗಳಿಗೆ ಹುರಿಯನ್ನು ಇಳಿಬಿಟ್ಟ ಮೇಲೆ ಅಲ್ಲಿಯೂ ಹತ್ತಿದೆ.

ಸೆಪ್ಟೆಂಬರ್

ಬಳ್ಳಿಗಳು ಎದೆಯೆತ್ತರಕ್ಕೆ ಬಂದಿವೆ. ಹುಣಸೆಯೆಲೆಯನ್ನು ನೆನಪಿಸುವ ಜೋಡಿ ಎಸಳುಗಳು ಸಂಜೆಯಾದೊಡನೆ ಕೆಳಕ್ಕೆ ಮಡಚಿಕೊಳ್ಳುತ್ತವೆ. 19ನೇ ಶತಮಾನದ ಕೊನೆಯಲ್ಲಿ ವಿಯೆನ್ನಾದ ಜೋಸೆಫ್ ನೊವಾಕ್ ಎಂಬಾತ ಈ ಎಲೆಗಳ ಚಲನೆಯಿಂದ ಹವಾಮಾನವನ್ನು ಮುಂಗಾಣಬಹುದೆಂದು ಸಾರಿದ್ದನು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪರೀಕ್ಷಿಸಿದಾಗ ಅದು ಬೆಳಕು ಮೊದಲಾದವುಗಳಿಗೆ ಗಿಡ ತೋರುವ ಸಹಜ ಪ್ರತಿಕ್ರಿಯೆಯಷ್ಟೇ ಎಂದು ತಿಳಿಯಿತು. ನಮ್ಮ ಬೇಲಿಯಲ್ಲಿಯೂ ಎಲೆ ಮಡಚಿದ ಎಷ್ಟೋ ಸಂಜೆಗಳು ಹನಿ ಮಳೆಯಿಲ್ಲದೆ ಕಳೆದಿವೆ.

ನವೆಂಬರ್ 20

ನೀರು ಹಾಕುವುದನ್ನು ನಿಲ್ಲಿಸಿ ಐದು ವಾರಗಳಾದವು. ಆರರಲ್ಲಿ ಐದು ಬಳ್ಳಿಗಳು ಬೇಲಿಯ ಮೇಲಿನ ತಂತಿಯನ್ನು ಮುಟ್ಟಿವೆ. ಆರನೆಯದನ್ನು ಮೇಕೆಯೊಂದು ಬುಡದವರೆಗೆ ಕಡಿದರೂ ಎರಡು ಕವಲಾಗಿ ಚಿಗುರಿದೆ. ಹೂವು ಇನ್ನೂ ಬಿಟ್ಟಿಲ್ಲ. ಮುಟ್ಟದೆ ಬಿಟ್ಟ ಪಾಲಿನ ಚೀಲಗಳನ್ನು ಸುರಿದುಬಿಡಲೆಂದು ಇಂದು ಕೈಗೆತ್ತಿಕೊಂಡರೆ ಒಂದರಲ್ಲಿ ಮೊಳಕೆ ತಲೆಯೆತ್ತಿತ್ತು. ಉಳಿದ ಏಳನ್ನು ಮಣ್ಣಿನಿಂದ ತೆಗೆದು ತೊಳೆದು ಒರಸಿ ತೂಗಿದೆ: 0.76 ಗ್ರಾಂ, ಒಂದಕ್ಕೆ ಈಗಲೂ ಸುಮಾರು 0.108. ಅವನ್ನು ಹಾಗೆಯೇ ಮತ್ತೆ ಊರಿಟ್ಟಿದ್ದೇನೆ.